ನಿಮ್ಮ ಮನೆಯಿಂದ ಯಾರಾದರೂ ಹೋಗಿದ್ದಾರಾ?

ನಮಸ್ಕಾರ.

ನಿಮ್ಮ ಪತ್ರ ಬಂದು ಎರಡು ವಾರ ಆಯಿತು. ಬಂದ ದಿನವೇ ಉತ್ತರ ಬರೆಯಲು ಕೂತೆ, ಅರ್ಧಕ್ಕೆ ನಿಲ್ಲಿಸಿದೆ. ಅದು ನಮ್ಮ ಪತ್ರಿಕೆಯನ್ನು ಸಮರ್ಥಿಸಿಕೊಳ್ಳುವ ಉತ್ತರವಾಗಿತ್ತು. ನಿಮ್ಮ ಪತ್ರದ ಕೊನೆಯ ಸಾಲನ್ನು ಮತ್ತೆ ಓದಿದ ಮೇಲೆ ಅದನ್ನು ಕಳಿಸಲು ಮನಸ್ಸಾಗಲಿಲ್ಲ.

ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ. ಹಿಂದಿನ ಸಂಚಿಕೆಯ ಸಂಗೀತ ಪುಟದಲ್ಲಿ 'ಫಾರ್ಚುನೇಟ್ ಸನ್' ಎಂಬ ಅಮೆರಿಕದ ಹಾಡಿನ ಬಗ್ಗೆ ಬರಹ ಹಾಕಿದ್ದೆವು. 1969ರ ಹಾಡು ಅದು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ತಂಡದ್ದು. ಬರೆದು ಹಾಡಿದವರು ಜಾನ್ ಫೋಗರ್ಟಿ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ ದೊಡ್ಡ ಮನೆಯ ಮಕ್ಕಳು ಉಳಿದುಕೊಂಡರು, ಸಣ್ಣ ಮನೆಯ ಮಕ್ಕಳು ಹೋದರು ಎಂಬುದು ಅದರ ಸಿಟ್ಟು. ಅದನ್ನು ಓದಿ ಲಗ್ಗೆರೆಯಿಂದ ಒಬ್ಬ ಓದುಗರು ಪತ್ರ ಬರೆದಿದ್ದಾರೆ. ಊರು ಅರಸೀಕೆರೆ ಕಡೆ, ಇಲ್ಲಿ ಗಾರ್ಮೆಂಟ್ಸ್ ಕೆಲಸ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ.

ಅವರು ಬರೆದಿರುವುದು ಇಷ್ಟು. 'ನನ್ನ ತಮ್ಮ ಮಿಲಿಟ್ರಿಯಲ್ಲಿದ್ದಾನೆ. ನಮ್ಮ ದೇಶದಲ್ಲಿ ಯಾರನ್ನೂ ಬಲವಂತವಾಗಿ ಎಳೆದುಕೊಂಡು ಹೋಗುವುದಿಲ್ಲ. ಅವನು ಇಷ್ಟಪಟ್ಟು ಹೋದ. ನೀವು ಹೊಗಳಿರುವ ಹಾಡು ಸೈನಿಕರನ್ನು ಪಾಪದವರು, ಮೋಸ ಹೋದವರು ಅನ್ನುತ್ತದೆ. ಇದು ಅವಮಾನ.' ಆಮೇಲೆ ಕೊನೆಯ ಸಾಲು: 'ಗಿಟಾರ್ ಕೇಳಿಕೊಂಡು ಬರೆಯುವ ನಿಮ್ಮ ಆಫೀಸಿನವರ ಮನೆಗಳಿಂದ ಯಾರಾದರೂ ಮಿಲಿಟ್ರಿಗೆ ಹೋಗಿದ್ದಾರಾ?'

ಮೊದಲು ಆ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ನಾವು ಒಂಬತ್ತು ಜನ ಇದ್ದೇವೆ. ಒಬ್ಬೊಬ್ಬರನ್ನೇ ಕೇಳಿದೆ. ಅಣ್ಣ, ತಮ್ಮ, ಮಗ, ಚಿಕ್ಕಪ್ಪ, ಸೋದರಮಾವ, ಯಾರಾದರೂ ಇದ್ದಾರಾ ಅಂತ. ಒಬ್ಬರ ತಾತ ಎರಡನೇ ಮಹಾಯುದ್ಧದಲ್ಲಿ ಇದ್ದರಂತೆ. ಅದು ಬಿಟ್ಟರೆ ಯಾರೂ ಇಲ್ಲ. ನನ್ನ ಮನೆಯಲ್ಲೂ ಇಲ್ಲ. ನಮ್ಮ ಮಕ್ಕಳು ಎಂಜಿನಿಯರಿಂಗ್, ಕಾಮರ್ಸ್, ಡಿಸೈನ್ ಓದುತ್ತಿದ್ದಾರೆ. ಭರ್ತಿ ರ‍್ಯಾಲಿ ಯಾವಾಗ ನಡೆಯುತ್ತದೆ, ಎಲ್ಲಿ ನಡೆಯುತ್ತದೆ ಎನ್ನುವುದು ಕೂಡ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಈಗ ನನ್ನ ಮಾತು ಹೇಳುತ್ತೇನೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನೀವು ನನಗೆ ಕೇಳಿದ ಪ್ರಶ್ನೆಯನ್ನೇ ಆ ಹಾಡೂ ಕೇಳುತ್ತದೆ. ಬಾವುಟ ಹಿಡಿದು ಕುಣಿಯುವವರೇ, ನಿಮ್ಮ ಮನೆಯಿಂದ ಯಾರು ಹೋದರು ಎಂದು. ನೀವು ಆ ಹಾಡನ್ನು ಬೈದು ಬರೆದಿರಿ, ಬರೆಯುತ್ತಾ ಅದರ ಒಳಗಿನ ಮಾತನ್ನೇ ಆಡಿದಿರಿ.

ನಮ್ಮ ಬರಹದಲ್ಲಿ ದೊಡ್ಡ ತಪ್ಪೊಂದು ಆಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಗಿಟಾರ್ ಹೇಗಿದೆ, ಡ್ರಮ್ ಹೇಗಿದೆ, ಎಷ್ಟು ಸಿನಿಮಾದವರು ಅದನ್ನು ಹಾಕಿಕೊಂಡರು ಎಂದೆಲ್ಲ ಬರೆದೆವು. ಫೋಗರ್ಟಿ ಸ್ವತಃ ಸೇನೆಯ ಸಮವಸ್ತ್ರ ಹಾಕಿದ್ದವರು ಎನ್ನುವುದನ್ನು ಬರೆಯಲಿಲ್ಲ. 1966ರಲ್ಲಿ ಅವರಿಗೆ ಸೇನೆಗೆ ಬರಬೇಕೆಂಬ ನೋಟಿಸ್ ಬಂತು. ಅವರು ಮೀಸಲು ಪಡೆ ಸೇರಿದರು, 1967ರಲ್ಲಿ ಬಿಡುಗಡೆಯಾಯಿತು. ಅದೇ ತಂಡದ ಡ್ರಮ್ ವಾದಕ ಡಗ್ ಕ್ಲಿಫರ್ಡ್ ಕರಾವಳಿ ಕಾವಲು ಪಡೆಯ ಮೀಸಲಿನಲ್ಲಿದ್ದರು. ಇಬ್ಬರೂ ಯುದ್ಧಭೂಮಿಗೆ ಹೋಗಲಿಲ್ಲ, ಆದರೆ ಪರೇಡು, ಕ್ಯಾಂಪು, ಆರ್ಡರು ಏನೆಂದು ಗೊತ್ತಿದ್ದವರು. ಅವರ ಜೊತೆ ಶಾಲೆಯಲ್ಲಿ ಓದಿದ ಹುಡುಗರು ಹೋಗುವುದನ್ನು ಕಣ್ಣಾರೆ ನೋಡಿದವರು. ಇಷ್ಟು ಬರೆದಿದ್ದರೆ ಬಹುಶಃ ನಿಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಲ್ಲಿ ನಿಜವಾಗಿ ಏನಾಗಿತ್ತು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಾಡಿನ ಸಿಟ್ಟಿಗೆ ಕಾರಣ ಅದರಲ್ಲೇ ಇದೆ.

ಆಗ ಅಮೆರಿಕದಲ್ಲಿ ಹುಡುಗರು ಹದಿನೆಂಟು ತುಂಬಿದ ಕೂಡಲೇ ಹೆಸರು ನೋಂದಾಯಿಸಬೇಕಿತ್ತು. ಊರೂರಿನಲ್ಲಿ ಒಂದು ಮಂಡಳಿ. ಯಾರನ್ನು ಕಳಿಸಬೇಕು, ಯಾರನ್ನು ಬಿಡಬೇಕು ಎಂದು ಆ ಮಂಡಳಿಯವರು ನೋಡುತ್ತಿದ್ದರು. ಕಾಲೇಜಿಗೆ ಸೇರಿದವನಿಗೆ ಓದು ಮುಗಿಯುವ ತನಕ ವಿನಾಯಿತಿ. ಡಾಕ್ಟರ ಹತ್ತಿರ ಒಳ್ಳೆಯ ಚೀಟಿ ತಂದವನಿಗೆ ವಿನಾಯಿತಿ. ಕಾಗದದ ಮೇಲೆ ನೋಡಿದರೆ ಇದರಲ್ಲಿ ಎಲ್ಲೂ ಹಣ ಎನ್ನುವ ಪದವೇ ಇಲ್ಲ. ಆದರೆ ಕಾಲೇಜಿಗೆ ಯಾರು ಸೇರುತ್ತಾರೆ? ಮನೆಯ ಡಾಕ್ಟರು ಎಂದು ಯಾರಿಗೆ ಇರುತ್ತಾರೆ? ಗದ್ದೆಯಲ್ಲಿ, ಗಣಿಯಲ್ಲಿ, ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಮಗನಿಗೆ ಇವೆರಡೂ ಇಲ್ಲ. ಸುಮಾರು 2 ಕೋಟಿ 70 ಲಕ್ಷ ಗಂಡಸರು ಆ ವಯಸ್ಸಿನಲ್ಲಿದ್ದರು, ಅದರಲ್ಲಿ ಕಡ್ಡಾಯವಾಗಿ ಕರೆಸಿಕೊಂಡದ್ದು ಸುಮಾರು 22 ಲಕ್ಷ ಜನರನ್ನು. ಆ ಯುದ್ಧದಲ್ಲಿ ಒಟ್ಟು ಸತ್ತ ಅಮೆರಿಕದ ಸೈನಿಕರು 58 ಸಾವಿರಕ್ಕೂ ಜಾಸ್ತಿ.

ಇನ್ನೊಂದು ಸಂಗತಿ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. 1966ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರ ಒಂದು ಯೋಜನೆ ತಂದರು. ಅದರ ಹೆಸರು 'ಪ್ರಾಜೆಕ್ಟ್ 100000'. ಸೇನೆಯ ಬುದ್ಧಿ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದು ಅಲ್ಲಿಯವರೆಗೆ ವಾಪಸ್ ಹೋಗುತ್ತಿದ್ದ ಹುಡುಗರನ್ನೂ ತೆಗೆದುಕೊಳ್ಳಲು ಶುರು ಮಾಡಿದರು. ಬಡತನದಿಂದ ಮೇಲೆತ್ತುತ್ತೇವೆ, ಕೆಲಸ ಕಲಿಸುತ್ತೇವೆ ಎಂದು ಹೇಳಿದರು. ಹೀಗೆ ಮೂರೂವರೆ ಲಕ್ಷ ಹುಡುಗರು ಸೇರಿದರು. ಅಂದರೆ ಕಾಲೇಜಿನಲ್ಲಿದ್ದವನನ್ನು ಮುಟ್ಟದೆ, ಓದಲು ಕಷ್ಟಪಡುತ್ತಿದ್ದವನನ್ನು ಹುಡುಕಿಕೊಂಡು ಹೋದರು.

ಫೋಗರ್ಟಿ ಹಾಡು ಬರೆಯುವಾಗ ಅವರ ಮನಸ್ಸಿನಲ್ಲಿ ಒಂದು ಮದುವೆ ಇತ್ತಂತೆ. 1968ರ ಡಿಸೆಂಬರಿನಲ್ಲಿ, ಆಗಷ್ಟೇ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ನಿಕ್ಸನ್ ಮಗಳು ಜೂಲಿಗೂ ಹಿಂದಿನ ಅಧ್ಯಕ್ಷ ಐಸೆನ್‌ಹೋವರ್ ಮೊಮ್ಮಗ ಡೇವಿಡ್‌ಗೂ ಮದುವೆಯಾಯಿತು. ಇಂಥವರನ್ನು ಯುದ್ಧಕ್ಕೆ ಯಾರು ಕಳಿಸುತ್ತಾರೆ ಎಂಬ ಸಿಟ್ಟಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಸಾಹಿತ್ಯ ಬರೆದೆ ಎಂದು ಅವರು ಹೇಳಿಕೊಂಡಿದ್ದಾರೆ. ಇಲ್ಲಿ ಒಂದು ಮಾತು ಸೇರಿಸುವುದು ನ್ಯಾಯ. ಆ ಡೇವಿಡ್ ಆಮೇಲೆ ನೌಕಾಪಡೆ ಸೇರಿ ಮೂರು ವರ್ಷ ಕೆಲಸ ಮಾಡಿದರು. ಹಾಗಾಗಿ ಆ ಒಬ್ಬ ಹುಡುಗನ ಬಗ್ಗೆ ಹಾಡು ಪೂರ್ತಿ ಸರಿ ಎನ್ನಲಾರೆ. ಆದರೆ ಹಾಡಿನ ದೂರು ಒಬ್ಬನ ಮೇಲೆ ನಿಂತಿರಲಿಲ್ಲ. ಹಾಡು ಬಂದ ವರ್ಷವೇ, ಅಂದರೆ 1969ರ ಡಿಸೆಂಬರ್ 1ರಂದು, ಸರ್ಕಾರವೇ ಲಾಟರಿ ಎತ್ತಬೇಕಾಯಿತು. ವರ್ಷದ 366 ದಿನಾಂಕಗಳನ್ನು ನೀಲಿ ಬಣ್ಣದ ಪುಟ್ಟ ಡಬ್ಬಿಗಳಲ್ಲಿಟ್ಟು ಗಾಜಿನ ಜಾಡಿಗೆ ಹಾಕಿ ಒಂದೊಂದೇ ತೆಗೆದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಹುಡುಗರು ಮೊದಲು ಹೋಗಬೇಕು. ಹಳೆಯ ಪದ್ಧತಿಯಲ್ಲಿ ನ್ಯಾಯ ಇಲ್ಲ ಎಂಬ ದೂರು ಅಷ್ಟು ಜೋರಾಗಿತ್ತು. ಕೊನೆಗೆ 1973ರಲ್ಲಿ ಕಡ್ಡಾಯ ಭರ್ತಿಯನ್ನೇ ನಿಲ್ಲಿಸಿದರು.

ಇದು ಅವರಿಗೆ ಹೊಸದೂ ಅಲ್ಲ. 1863ರಲ್ಲಿ, ಅವರ ಅಂತರ್ಯುದ್ಧದ ಕಾಲದಲ್ಲಿ, 300 ಡಾಲರ್ ಕಟ್ಟಿದರೆ ಸೇನೆಗೆ ಹೋಗಬೇಕಾಗಿರಲಿಲ್ಲ. ನೇರವಾಗಿ ಕಾನೂನಿನಲ್ಲೇ ಬರೆದಿತ್ತು. ಕೂಲಿಯವರಿಗೆ ಅದು ಸುಮಾರು ಒಂದು ವರ್ಷದ ದುಡಿಮೆ. ಆ ಜುಲೈನಲ್ಲಿ ನ್ಯೂಯಾರ್ಕಿನ ಬಡವರು ಬೀದಿಗಿಳಿದರು. ಆದರೆ ಅವರ ಸಿಟ್ಟು ಕಾನೂನು ಮಾಡಿದವರನ್ನು ಬಿಟ್ಟು ಕಪ್ಪು ಜನರ ಮೇಲೆ ತಿರುಗಿತು. ಅನಾಥ ಮಕ್ಕಳ ಆಶ್ರಮಕ್ಕೂ ಬೆಂಕಿ ಹಚ್ಚಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಸಿಟ್ಟಿಗೆ ಹಾಡು ಬೇಕು ಎಂದು ನಾನು ಹೇಳುವುದು ಇದಕ್ಕೇ. ಯಾರ ಮೇಲೆ ಸಿಟ್ಟು, ಯಾಕೆ ಸಿಟ್ಟು ಎಂದು ಒಳ್ಳೆಯ ಹಾಡು ಸರಿಯಾಗಿ ತೋರಿಸುತ್ತದೆ.

ಸೈನಿಕರಿಗೆ ಅವಮಾನ ಅಂದಿರಿ. ಇದೇ ಮಾತು ಅಲ್ಲೂ ಬಂದಿತ್ತು. 2014ರ ನವೆಂಬರ್ 11ರಂದು ವಾಷಿಂಗ್ಟನ್‌ನಲ್ಲಿ ಮಾಜಿ ಸೈನಿಕರ ಗೌರವಕ್ಕೆ ದೊಡ್ಡ ಸಂಗೀತ ಕಾರ್ಯಕ್ರಮ ನಡೆಯಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಇನ್ನಿಬ್ಬರು ಸೇರಿ ಇದೇ ಹಾಡು ಹಾಡಿದರು. ಸೈನಿಕರ ಎದುರಿಗೆ ಇಂಥ ಹಾಡಾ ಎಂದು ತುಂಬ ಜನ ಬೈದರು. ಆದರೆ ಹಾಡನ್ನು ಒಂದು ಸಲ ಪೂರ್ತಿ ಕೇಳಿ, ಎರಡೂವರೆ ನಿಮಿಷವೂ ಇಲ್ಲ. ಅದರಲ್ಲಿ 'ನಾನು' ಎನ್ನುವವನು ಯಾರು? ಹೋಗಬೇಕಾಗಿ ಬಂದ ಹುಡುಗ. ಮಾತೆಲ್ಲ ಅವನದೇ. ಅವನನ್ನು ಕನಿಕರದಿಂದ ನೋಡುವ ಮೂರನೆಯವರು ಯಾರೂ ಆ ಹಾಡಿನಲ್ಲಿ ಇಲ್ಲ. ಸೇನಾಧಿಕಾರಿಯ ಮಗ, ಸೆನೆಟರ್ ಮಗ, ಕೋಟ್ಯಧಿಪತಿಯ ಮಗ, ಇವರಿಗೆ ಸಿಕ್ಕಿದ ಭಾಗ್ಯ ನನಗೆ ಯಾಕಿಲ್ಲ ಎಂದು ಅವನು ಎದೆ ಕೊಟ್ಟು ಕೇಳುತ್ತಾನೆ. ಅದಕ್ಕೇ ವಿಯೆಟ್ನಾಂನಿಂದ ವಾಪಸ್ ಬಂದ ಎಷ್ಟೋ ಸೈನಿಕರಿಗೆ ಈ ಹಾಡು ತಮ್ಮದು ಅನಿಸಿತು.

ಹಾಡನ್ನು ತಪ್ಪಾಗಿ ಬಳಸಿಕೊಂಡವರೂ ಇದ್ದಾರೆ. 2020ರಲ್ಲಿ ಟ್ರಂಪ್ ಚುನಾವಣಾ ಸಭೆಗಳಲ್ಲಿ ಇದನ್ನು ಹಾಕಿದರು. ಓದಿನ ಕಾರಣಕ್ಕೆ ನಾಲ್ಕು ಸಲ, ಹಿಮ್ಮಡಿಯ ಮೂಳೆ ತೊಂದರೆ ಎಂದು ಒಂದು ಸಲ ವಿಯೆಟ್ನಾಂ ಭರ್ತಿಯಿಂದ ವಿನಾಯಿತಿ ಪಡೆದವರು ಅವರು. ಫೋಗರ್ಟಿ ನಿಲ್ಲಿಸಿ ಎಂದು ನೋಟಿಸ್ ಕಳಿಸಿದರು.

ಸರಿ, ಇದೆಲ್ಲ ಅಮೆರಿಕದ್ದು. ನಮ್ಮಲ್ಲಿ ಬಲವಂತ ಇಲ್ಲವಲ್ಲ ಎನ್ನುತ್ತೀರಿ. ನಿಜ, ಇಲ್ಲ. ನಿಮ್ಮ ತಮ್ಮ ಇಷ್ಟಪಟ್ಟು ಹೋದರು ಎನ್ನುವುದನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಒಂದು ವಿಷಯ ಗೊತ್ತಾ, ವಿಯೆಟ್ನಾಂಗೆ ಹೋದವರಲ್ಲೂ ಹೆಚ್ಚಿನವರು ತಾವಾಗಿ ಹೆಸರು ಕೊಟ್ಟವರೇ. ಹೇಗೂ ಕರೆ ಬರುತ್ತದೆ, ಮೊದಲೇ ಸೇರಿದರೆ ಒಳ್ಳೆಯ ವಿಭಾಗ ಸಿಗಬಹುದು ಎಂದು ಸೇರಿದವರಿದ್ದರು. ಊರಲ್ಲಿ ಕೆಲಸ ಇಲ್ಲ ಎಂದು ಸೇರಿದವರಿದ್ದರು. ದೇಶಕ್ಕಾಗಿ ಎಂದು ಮನಸಾರೆ ಸೇರಿದವರೂ ಇದ್ದರು. ಇವೆಲ್ಲ ಒಬ್ಬನೇ ಹುಡುಗನ ಒಳಗೆ ಒಟ್ಟಿಗೆ ಇರುತ್ತವೆ.

ನಮ್ಮ ಕಚೇರಿ ಇರುವುದು ಚಾಮರಾಜಪೇಟೆಯಲ್ಲಿ. ಕೆಳಗೆ ಗೇಟಿನ ಹತ್ತಿರ ರಾತ್ರಿ ಪಾಳಿಗೆ ಕೂರುವವರು ನಿವೃತ್ತ ಹವಾಲ್ದಾರರು, ಬಾಗಲಕೋಟೆ ಕಡೆಯವರು. ಆರು ವರ್ಷದಿಂದ ದಿನಾ ನಮಸ್ಕಾರ ಹೇಳಿ ಹೋಗುತ್ತಿದ್ದೇನೆ. ನಿಮ್ಮ ಪತ್ರ ಬಂದ ಮೇಲೆ ಮೊದಲ ಸಲ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮೊಬೈಲಿನಲ್ಲಿ ಹಾಡು ಹಾಕಿದೆ, ಒಂದೊಂದೇ ಸಾಲಿನ ಅರ್ಥ ಕನ್ನಡದಲ್ಲಿ ಹೇಳಿದೆ. ಅವರು ಮೊದಲು ಕೇಳಿದ್ದು, 'ಹಾಡಿದಾಂವ ಮಿಲಿಟ್ರಿಯೊಳಗ ಇದ್ನೇನ್ರಿ?' ಹೌದು, ಮೀಸಲಿನಲ್ಲಿದ್ದರು ಅಂದೆ. 'ಹಂಗಾರ ಹಾಡ್ಲಿ ಬಿಡ್ರಿ' ಅಂದರು.

ಆಮೇಲೆ ಅವರ ಕಥೆ ಬಂತು. ಬೆಳಗಾವಿಯಲ್ಲಿ ಭರ್ತಿ. ಹಿಂದಿನ ದಿನ ಸಂಜೆಯೇ ಹೋಗಿ ರಸ್ತೆ ಬದಿ ಮಲಗಿದ್ದು. ಬೆಳಗಿನ ಜಾವ ಒಂದು ಮೈಲಿ ಓಟ. ಎರಡು ವರ್ಷ ಜೋಳ ಕೈಕೊಟ್ಟಿತ್ತಂತೆ, ಅಕ್ಕನ ಮದುವೆಯ ಸಾಲ ಇತ್ತಂತೆ. 'ಒತ್ತಾಯ ಯಾರೂ ಮಾಡಿಲ್ರಿ. ಆದ್ರ ಮನ್ಯಾಗ ಕುಂತ್ರ ಹೊಟ್ಟಿ ತುಂಬಬೇಕಲ್ರಿ.' ಅದೇ ಉಸಿರಿನಲ್ಲಿ ಹಿಮದ ಪೋಸ್ಟಿನಲ್ಲಿ ತೆಗೆದ ಫೋಟೊ ತೋರಿಸಿದರು, ಪದಕದ ಫೋಟೊ ತೋರಿಸಿದರು. ಮುಖ ಅರಳಿತ್ತು. ಅವರಿಗೆ ತಮ್ಮ ಕೆಲಸದ ಬಗ್ಗೆ ಹೆಮ್ಮೆ ಇದೆ. ನಲವತ್ತು ತುಂಬುವ ಮೊದಲೇ ಸೇನೆಯಿಂದ ಹೊರಬಂದು, ಇನ್ನೂ ಓದುತ್ತಿರುವ ಮಕ್ಕಳನ್ನು ಇಟ್ಟುಕೊಂಡು, ಬೆಂಗಳೂರಿನ ಗೇಟುಗಳ ಮುಂದೆ ಕೂರಬೇಕಾಗಿರುವುದರ ಬಗ್ಗೆ ನೋವೂ ಇದೆ. ಈ ಊರಿನ ಅಪಾರ್ಟ್‌ಮೆಂಟುಗಳಲ್ಲಿ, ಎಟಿಎಂಗಳಲ್ಲಿ ಇವರಂಥವರು ಎಷ್ಟು ಜನ ಇದ್ದಾರೆ ಎಂದು ನೋಡಿ. ಆಗಸ್ಟ್ 15ಕ್ಕೆ ಅದೇ ಅಪಾರ್ಟ್‌ಮೆಂಟಿನಲ್ಲಿ ಬಾವುಟ ಹಾರಿಸುವಾಗ ಹಗ್ಗ ಕಟ್ಟಿಕೊಡುವವರು ಅವರು, ಭಾಷಣ ಮಾಡುವವರು ಬೇರೆ. ನನಗೆ ಈ ಹಾಡು ಅರ್ಥವಾದದ್ದು ಆ ಕುರ್ಚಿಯಲ್ಲಿ ಕೂತಾಗ.

ಅವರಿಗಾದರೂ ಪಿಂಚಣಿ ಇದೆ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರುವ ಹುಡುಗರಿಗೆ ನಾಲ್ಕೇ ವರ್ಷ. ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಜನ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ತೆಗೆದುಕೊಂಡು ಮನೆಗೆ. ಪಿಂಚಣಿ ಇಲ್ಲ. ಸೇನೆಯ ಸರಾಸರಿ ವಯಸ್ಸು ಕಡಿಮೆಯಾಗಬೇಕು ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಕೋವಿಡ್ ಸಮಯದಲ್ಲಿ ಎರಡು ವರ್ಷ ಭರ್ತಿಯೇ ಇಲ್ಲದೆ, ದಿನಾ ಬೆಳಗ್ಗೆ ಓಡಿ ಓಡಿ ಕಾದಿದ್ದ ಹುಡುಗರಿಗೆ ಆ ಸುದ್ದಿ ಹೇಗೆ ಕೇಳಿಸಿರಬೇಕು? ಬಿಹಾರದಲ್ಲಿ ರೈಲುಗಳಿಗೆ ಬೆಂಕಿ ಬಿತ್ತು, ಸಿಕಂದರಾಬಾದ್ ರೈಲು ನಿಲ್ದಾಣದಲ್ಲಿ ಗುಂಡೇಟಿಗೆ ಒಬ್ಬ ಯುವಕ ಸತ್ತ. ರೈಲು ಸುಟ್ಟದ್ದು ತಪ್ಪು. ಆದರೆ ಆ ವಾರ ಟಿವಿಯಲ್ಲಿ ಕೂತು ದೇಶಸೇವೆಗೆ ಸಂಬಳ ಯಾಕೆ, ಪಿಂಚಣಿ ಯಾಕೆ ಎಂದು ಆ ಹುಡುಗರಿಗೆ ಪಾಠ ಹೇಳಿದವರಿಗೆ ನಿಮ್ಮ ಪತ್ರದ ಕೊನೆಯ ಸಾಲನ್ನು ಓದಿ ಹೇಳಬೇಕಿತ್ತು ಅಂತ ಈಗ ಅನಿಸುತ್ತದೆ.

ನಮ್ಮ ಬೆಂಗಳೂರಿಗೂ ಇದಕ್ಕೂ ಹಳೆಯ ಸಂಬಂಧ ಇದೆ. ಬೇಗೂರಿನ ನಾಗನಾಥೇಶ್ವರ ದೇವಸ್ಥಾನಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ಅಲ್ಲಿ ಸುಮಾರು ಕ್ರಿ.ಶ. 890ರ ಒಂದು ಕಲ್ಲಿದೆ. 'ಬೆಂಗಳೂರು' ಎನ್ನುವ ಹೆಸರು ನಮಗೆ ಮೊದಲು ಸಿಗುವುದು ಅದರಲ್ಲೇ. ಏನು ಹೇಳುತ್ತದೆ ಆ ಕಲ್ಲು? ಬೆಂಗಳೂರಿನ ಕಾಳೆಗದಲ್ಲಿ, ಗಂಗರ ಕಾಲದ ಇಲ್ಲಿನ ನಾಯಕ ನಾಗತ್ತರನ ಕಡೆಯವರು ಸತ್ತರು ಎಂದು. ಈ ಊರಿನ ಹೆಸರು ಕಲ್ಲಿಗೆ ಬಂದದ್ದೇ ಹೋರಾಡಿ ಸತ್ತವರ ಜೊತೆಗೆ. ಆ ಕಾಲದ ನಮ್ಮ ಶಾಸನಗಳಲ್ಲಿ 'ನೆತ್ತರುಗೊಡಗೆ' ಎಂಬ ಪದ ಬರುತ್ತದೆ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ನೆತ್ತರಿಗೆ ಬದಲಾಗಿ ಕೊಟ್ಟ ಕೊಡುಗೆ. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಗಲೂ ಒಡೆಯನಿಗಾಗಿ ಆಳು ಸಾಯುತ್ತಿದ್ದ. ಉಂಡ ಅನ್ನದ ಋಣ ಎಂದು ಸಾಯುತ್ತಿದ್ದ. ಆದರೆ ಸತ್ತವನ ಮನೆಯ ಒಲೆ ಉರಿಯಬೇಕು ಎಂಬ ಲೆಕ್ಕವನ್ನಾದರೂ ಕಲ್ಲಿನಲ್ಲಿ ಕೆತ್ತಿಡುತ್ತಿದ್ದರು.

ನಮ್ಮಲ್ಲಿ ಇಂಥ ಹಾಡು ಇಲ್ಲವೇ ಎಂದರೆ ಇದೆ. ಮೊದಲ ಮಹಾಯುದ್ಧದಲ್ಲಿ ಗಂಡಂದಿರನ್ನು ಕಳಿಸಿದ ಪಂಜಾಬಿನ ಹಳ್ಳಿ ಹೆಂಗಸರು ಯುದ್ಧಕ್ಕೆ ಶಾಪ ಹಾಕಿ ಹಾಡಿದ ಪದಗಳು ಇವತ್ತಿಗೂ ಉಳಿದಿವೆ. ಕನ್ನಡದಲ್ಲಿ ಸೇನೆಯ ಬಗ್ಗೆ ನೇರವಾಗಿ ಅಲ್ಲದಿದ್ದರೂ, ಫೋಗರ್ಟಿ ಕೇಳಿದ ಧಾಟಿಯಲ್ಲೇ ಕೇಳಿದವರು ಕವಿ ಸಿದ್ಧಲಿಂಗಯ್ಯ. ನಲವತ್ತೇಳರ ಸ್ವಾತಂತ್ರ್ಯ ಯಾರಿಗೆ ಬಂತು ಎಂದು ಕೇಳಿದ ಹಾಡು ಅದು. ಮಾಗಡಿ ಕಡೆಯ ಮಂಚನಬೆಲೆಯಲ್ಲಿ ಹುಟ್ಟಿ, ನಿಮ್ಮ ಲಗ್ಗೆರೆಗೆ ಅಷ್ಟೇನೂ ದೂರವಿಲ್ಲದ ಶ್ರೀರಾಮಪುರದಲ್ಲಿ ಬೆಳೆದವರು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ, 'ಸಮುದಾಯ' ರಂಗ ಸಂಘಟನೆಯ ಜಾಥಾಗಳಲ್ಲಿ ಆ ಹಾಡು ಕೇಳಿದವರಿಗೆ ಗೊತ್ತು. ಒಂದು ತಮಟೆ, ನಾಲ್ಕು ಗಂಟಲು ಇದ್ದರೆ ಸಾಕು, ಬೀದಿ ನಿಂತು ಕೇಳುತ್ತಿತ್ತು. ಅದು ಸ್ವಾತಂತ್ರ್ಯ ಹೋರಾಟಗಾರರಿಗೆ ಅವಮಾನ ಎಂದು ಆಗಲೂ ಕೆಲವರು ಸಿಟ್ಟಾದರು. ಆದರೆ ಸ್ವಾತಂತ್ರ್ಯ ತನಗೂ ಬರಬೇಕು ಎಂಬ ಆಸೆ ಇದ್ದವನು ತಾನೇ ಆ ಪ್ರಶ್ನೆ ಕೇಳುವುದು?

ಅದಕ್ಕೇ ಹೇಳುತ್ತೇನೆ, ನಿಮ್ಮ ತಮ್ಮನ ಮೇಲಿನ ಗೌರವಕ್ಕೂ ಈ ಹಾಡಿಗೂ ಜಗಳ ಇಲ್ಲ. ಹಾಡಿಗೆ ಜಗಳ ಇರುವುದು ನಮ್ಮಂಥವರ ಜೊತೆ. ಒಂಬತ್ತು ಮನೆಗಳಿಂದ ಒಬ್ಬರನ್ನೂ ಕಳಿಸದೆ, ಸಂಗೀತ ಪುಟದಲ್ಲಿ ಆ ಹಾಡಿನ ಗಿಟಾರಿನ ಬಗ್ಗೆ ಮಾತ್ರ ಬರೆದವರ ಜೊತೆ. ಆ ಬರಹ ಬರೆದ ಹುಡುಗಿಗೆ ನಿಮ್ಮ ಪತ್ರ ಓದಲು ಕೊಟ್ಟೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ನಾನು ಅವರನ್ನು ಭೇಟಿ ಮಾಡಬಹುದಾ ಸರ್ ಎಂದು ಕೇಳಿದಳು. ನೀವು ಒಪ್ಪಿದರೆ ಒಂದು ಭಾನುವಾರ ಲಗ್ಗೆರೆಗೆ ಬರುತ್ತಾಳೆ.

ನಿಮ್ಮ ಪತ್ರವನ್ನು ಒಂದಕ್ಷರ ತೆಗೆಯದೆ, ಹೆಸರು ಮಾತ್ರ ಬಿಟ್ಟು, ಇದೇ ಸಂಚಿಕೆಯ ಸಂಗೀತ ಪುಟದಲ್ಲಿ ಹಾಕಿದ್ದೇವೆ. ತಮ್ಮ ರಜೆಗೆ ಬಂದಾಗ ಈ ಉತ್ತರವನ್ನು ಅವರಿಗೂ ಓದಿ ಹೇಳಿ. ಹಾಡನ್ನೂ ಕೇಳಿಸಿ. ಅವರು ಏನು ಹೇಳುತ್ತಾರೋ ಅದನ್ನು ಹಾಗೇ ಬರೆದು ಕಳಿಸಿ, ಬೈದರೂ ಪರವಾಗಿಲ್ಲ. ಯಾವ ತಿಂಗಳು ಬರುತ್ತಾರೆ ಎಂದು ಮೊದಲೇ ತಿಳಿಸಿದರೆ ಆ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟುಕೊಳ್ಳುತ್ತೇನೆ.

ಸಂಪಾದಕ